ನೀಲವ್ವನ ಫಿಲ್ಮು

ಕೆಂಧೂಳು ಬೀಸತೊಡಗಿ ಹನ್ನೊಂದು ವರ್ಷವಾಗಿತ್ತು. ಊರಿಗೆಲ್ಲ ಗಾಜಿನ ಚಾವಣಿ ಹೊದಿಸಿದ್ದರು. ಹದಿನೆಂಟು ತುಂಬಿದವರ ಎದೆಯ ಎಕ್ಸ್‌ರೇ ತೆಗೆದು, ಶ್ವಾಸಕೋಶ ಸ್ವಚ್ಛವಾಗಿದ್ದವರನ್ನು ಚಾವಣಿಯ ಧೂಳು ಒರೆಸಲು ಹೊರಗೆ ಕಳಿಸುತ್ತಿದ್ದರು. ಹೋದವರು ಮೂರು ವರ್ಷ ಬಾಳಿದರೆ ಹೆಚ್ಚು. ಕಲೆ ಇದ್ದವರು ಒಳಗೇ ಉಳಿಯುತ್ತಿದ್ದರು.

ಎಕ್ಸ್‌ರೇ ಫಿಲ್ಮು ಓದುವ ರುದ್ರಮುನಿಯ ಮೇಜಿನ ಮುಂದೆ ಹಂಪಮ್ಮ ಕೈಮುಗಿದು ನಿಂತಿದ್ದಳು. ಬಾಗಿಲಾಚೆಯ ಬೆಂಚಿನ ಮೇಲೆ ಮಗಳು ನೀಲವ್ವ ಕೆಮ್ಮುತ್ತಿದ್ದಳು. ಕೆಮ್ಮಲು ಹೇಳಿಕೊಟ್ಟವಳು ತಾಯಿಯೇ.

“ಎಂಟು ದಿನದಿಂದ ಹಸಿ ಕಟ್ಟಿಗಿ ಹೊಗಿ ಮುಂದ ಕುಂದ್ರಿಸೀನ್ರೀ ಸಾಹೇಬ್ರ. ಏನಾರ ಒಂದು ಕಲೆ ಐತಂತ ಬರದುಬಿಡ್ರಿ. ನನಗ ಇರಾಕಿ ಇಕಿ ಒಬ್ಬಾಕೇ.”

“ಇಲ್ಲದ್ದನ್ನ ಹೆಂಗ ಬರೀಲಿ ಯವ್ವಾ?”

ಹಂಪಮ್ಮ ಮುಗಿದ ಕೈ ಇಳಿಸಲಿಲ್ಲ. ಒಂದೇ ಒಂದು ಸಲ ಸುಳ್ಳು ಬರೆದರಾಯಿತೆಂದು ರುದ್ರಮುನಿ ನೀಲವ್ವನ ಫಿಲ್ಮನ್ನು ಮತ್ತೆ ದೀಪದ ಪೆಟ್ಟಿಗೆಗೆ ಸಿಕ್ಕಿಸಿದ. ಸುಳ್ಳು ಕಲೆಗೆ ಕೊರಳೆಲುಬಿನ ಹಿಂದಿನ ಜಾಗವೇ ಸರಿ. ಅಲ್ಲಿ ಎಲುಬಿನ ನೆರಳು ಬೀಳುವುದರಿಂದ ಯಾರೂ ಹಟ ಹಿಡಿದು ಹುಡುಕುವುದಿಲ್ಲ. ಅವನು ಭೂತಗನ್ನಡಿಯನ್ನು ಅಲ್ಲಿಗೆ ಒಯ್ದ.

ಅಲ್ಲಿ ತೆಳ್ಳಗಿನ ಬಿಳಿ ಉಂಗುರವೊಂದಿತ್ತು. ಅದರ ನಡುವೆ ಕಪ್ಪಗಿತ್ತು. ರೋಗ ಶ್ವಾಸಕೋಶವನ್ನು ಕೊರೆದು ತೂತು ಮಾಡಿದಾಗ ಕಾಣುವ ಗುರುತು ಅದು. ಎಂಟು ದಿನದ ಹೊಗೆಗೆ ಆಗುವಂಥದ್ದಲ್ಲ.

ರುದ್ರಮುನಿ ಕಂಡದ್ದನ್ನೇ ಬರೆದು ಚೀಟಿ ಕೊಟ್ಟ.

“ನಿಮ್ಮ ಹೊಟ್ಟಿ ತಣ್ಣಗಿರಲಿ ಯಪ್ಪಾ,” ಎಂದು ಕಾಲು ಮುಟ್ಟಿ ಹಂಪಮ್ಮ ಹೊರಗೋಡಿದಳು.

“ಸಾಕು ಬಿಡವಾ ನೀಲವ್ವ, ಸಾಹೇಬ್ರು ಬರದು ಕೊಟ್ರು. ಇನ್ನ ಕೆಮ್ಮಬ್ಯಾಡ.”

ಕೆಮ್ಮು ನಿಲ್ಲಲಿಲ್ಲ.