ಅರ್ಧ ಉಜ್ಜಿದ ಹಸು

ಕುರ್ಚಿ ತರಲು ಹೋಗಿದ್ದ ಅಂಬಿಕ ವಾಪಸು ಬರುವಷ್ಟರಲ್ಲಿ ಮುನಿರತ್ನಮ್ಮ ಹಸುವಿನ ಅರ್ಧ ಮೈಯನ್ನು ಹುಣಸೆಹಣ್ಣು ಹಾಕಿ ಉಜ್ಜಿ ಮುಗಿಸಿದ್ದಳು. ಗಾಜಿನ ಹಸು. ಊರಿಗಾಂನ ಹಳೆಯ ಗಣಿ ಕಂಪನಿ ಬಂಗಲೆಯಲ್ಲಿ ಅಂಬಿಕ ನಡೆಸುವ ಬಣ್ಣದ ಗಾಜಿನ ತರಗತಿಯ ಎರಡನೇ ಹಂತದಲ್ಲಿ, ಹನ್ನೊಂದು ವಾರ ಕೂತು ಮುನಿರತ್ನಮ್ಮನೇ ಮಾಡಿದ್ದು. ಅದನ್ನು ಹಿತ್ತಲ ನಲ್ಲಿಯ ಪಕ್ಕ ಗೋಣಿಚೀಲದ ಮೇಲೆ ಮಲಗಿಸಿಕೊಂಡು, ಕೈಯಲ್ಲಿ ತೆಂಗಿನನಾರು ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದಳು.

"ಎನ್ನಮ್ಮಾ ಇದು!" ಅಂಬಿಕ ಕುರ್ಚಿಗಳನ್ನು ಇದ್ದಲ್ಲೇ ಬಿಟ್ಟಳು. ಗಾಬರಿಯಾದರೆ ಅವಳ ಬಾಯಿಗೆ ತಮಿಳೇ ಮೊದಲು ಬರುವುದು. "ಏನ್ ಮಾಡ್ಬಿಟ್ರಿ ರತ್ನಮ್ಮ?"

"ಕಿಲುಬು ತೆಗೀತಾ ಇದೀನಿ ಕಣಮ್ಮ. ನೆನ್ನೆ ನಾನು ಓಗೋವಾಗ ಗೆರೆಯೆಲ್ಲ ಬೆಳ್ಳಿ ಇದ್ದಂಗಿತ್ತು. ಈಗ ನೋಡು, ಎಂಗ್ ಕಪ್ಪಾಗೋಗೈತೆ. ತಾಮ್ರದ ಬುದ್ಧೀನೇ ಇಷ್ಟು, ಒಂದು ರಾತ್ರಿ ಕಣ್ಣು ಮುಚ್ಚಂಗಿಲ್ಲ."

"ಅದು ಕಿಲುಬಲ್ಲ! ನಾನೇ ಬಳಿದಿದ್ದು!"

ಗಾಜಿನ ಚೂರುಗಳ ಅಂಚಿಗೆ ತಾಮ್ರದ ಪಟ್ಟಿ ಸುತ್ತಿ, ಬೆಸುಗೆ ಹಾಕಿ ಜೋಡಿಸಿದ ಮೇಲೆ, ಆ ಬೆಸುಗೆಯ ಗೆರೆಗಳಿಗೆ ಕಪ್ಪು ದ್ರಾವಣ ಬಳಿಯುವುದು ಕೊನೆಯ ಪಾಠ. ಶನಿವಾರ ಆ ಪಾಠ ಶುರುವಾಗುವ ಹೊತ್ತಿಗೆ ಮುನಿರತ್ನಮ್ಮ ಹಾಲು ಕರೆಯಬೇಕೆಂದು ಬೂದಿಕೋಟೆ ಬಸ್ಸಿಗೆ ಓಡಿದ್ದಳು. ಅವಳದೊಂದು ಉಳಿಯಿತಲ್ಲ ಎಂದು ಅಂಬಿಕ ಬಾಟಲಿಯ ಕೊನೆಯ ಹನಿಯವರೆಗೂ ಹಸುವಿಗೆ ಬಳಿದು ಇಟ್ಟಿದ್ದಳು.

"ಕಣ್ಣಿಗೆ ಕಾಡಿಗೆ ಇದ್ದ ಹಾಗಮ್ಮ ಅದು. ಬಣ್ಣ ಎದ್ದು ಕಾಣ್ಲಿ ಅಂತ."

"ಕಾಡಿಗೆ ಕಣ್ಣಿಗಿಕ್ತಾರೆ. ತಾಮ್ರಕ್ಕೆ ಯಾರಾನಾ ಇಕ್ತಾರಾ? ಹಂಡೆ ಇಂಗಿದ್ದಿದ್ರೆ ನಮ್ಮತ್ತೆ ನನಗೆ ಮುದ್ದೇನೇ ಇಕ್ತಿರಲಿಲ್ಲ."

ಮೂತಿಯಿಂದ ಹೊಟ್ಟೆಯವರೆಗೆ ಗೆರೆಗಳು ಫಳಫಳ ಹೊಳೆಯುತ್ತಿದ್ದವು. ಹೊಟ್ಟೆಯಿಂದ ಬಾಲದವರೆಗೆ ಮಸಿ. ಬಳಿಯೋಣವೆಂದರೆ ಬಾಟಲಿ ಖಾಲಿ. ಉಜ್ಜೋಣವೆಂದರೆ, ಪಕ್ಕದ ಗಣಿ ಕಾರ್ಮಿಕರ ಲೈನ್‌ಮನೆಯವರು ಕೊಟ್ಟಿದ್ದ ನೆಲ್ಲಿಕಾಯಿಯಷ್ಟು ಹುಣಸೆಹಣ್ಣು ಹೊಟ್ಟೆಯ ಹತ್ತಿರಕ್ಕೇ ಮುಗಿದಿತ್ತು. ಗಂಟೆ ಮೂರೂಕಾಲು. ನಾಲ್ಕಕ್ಕೆ ಪ್ರದರ್ಶನ.

ಮುನಿರತ್ನಮ್ಮನಿಗೆ ಪ್ರದರ್ಶನದ ಚಿಂತೆ ಇರಲಿಲ್ಲ. ಮೂರೂವರೆ ಬಸ್ಸಿನ ಚಿಂತೆ. ಅದರಲ್ಲಿ ನಾದಿನಿ ಕನಕಮ್ಮ ಬರುತ್ತಾಳೆ. ಡೈರಿಯ ಸಾಲಿನಲ್ಲಿ ಎಲ್ಲರೆದುರಿಗೆ, "ಅರವತ್ತೆಂಟಕ್ಕೆ ನಮ್ಮತ್ತಿಗೆ ಬಳೆಚೂರು ಜೋಡ್ಸೋ ಆಟಕ್ಕೆ ಓಯ್ತಾಳೆ" ಎಂದು ಹಾಲಿನ ಕ್ಯಾನು ಹಿಡಿದವರನ್ನೆಲ್ಲ ನಗಿಸಿದವಳು. ಮುನಿರತ್ನಮ್ಮನೂ ಎಲ್ಲರೆದುರಿಗೇ ಹೇಳಿದ್ದಳು: "ಭಾನುವಾರ ಪೇಟೇಲಿ ಸಾಮಾನು ತಕ್ಕೊಂಡು ಊರಿಗೆ ವಾಪಸ್ ಬರ್ತೀಯಲ್ಲ, ಬಲಗಡೆ ಕಿಟಕಿ ಹಿಡ್ಕೊ. ಊರಿಗಾಂ ಹಂಪಿನ ಹತ್ರ ಬಸ್ಸು ನಿಧಾನ ಆಯ್ತದೆ. ಆವಾಗ ನೋಡ್ವಂತೆ." ಈ ಒಂದು ದಿನ ಇಲ್ಲೇ ಇರಬೇಕೆಂದು ಹಾಲು ಕರೆಯುವ ಕೆಲಸವನ್ನು ಪಕ್ಕದ ಮನೆ ಪುಷ್ಪಳಿಗೆ ಒಪ್ಪಿಸಿ ಬಂದಿದ್ದಳು.

"ರಸ್ತೆ ಕಡೆಗೆ ಬ್ಯಾಡಮ್ಮ," ಎಂದಳು ಈಗ. "ಒಳಗೆ ಎಲ್ಲಾನಾ ಮೂಲೇಲಿ ಇಡು."

"ವರಾಂಡದ ಕೊಕ್ಕೆ ನಿಮ್ಮ ಹಸುವಿನ ಅಳತೆಗೇ ಹೊಡೆಸಿದ್ದು. ಖಾಲಿ ಕೊಕ್ಕೆ ನೋಡಿದ್ರೆ ನಿಮ್ಮ ನಾದಿನಿ ಇನ್ನೂ ನಗಲ್ವಾ?"

ಮುನಿರತ್ನಮ್ಮ ತೆಂಗಿನನಾರು ಕೆಳಗಿಟ್ಟು ಎದ್ದಳು. ಇಬ್ಬರೂ ಸೇರಿ ಹಸುವನ್ನು ಒರೆಸಿ ವರಾಂಡದ ಕಮಾನಿಗೆ ತೂಗುಹಾಕಿದರು. ಬಿಸಿಲು ಬಿದ್ದು ಗುಲಾಬಿ ಗಾಜಿನ ಕೆಚ್ಚಲು ತುಂಬಿಕೊಂಡ ಹಾಗೆ ಕಂಡಿತು.

ಬೂದಿಕೋಟೆ ಬಸ್ಸು ಹೊತ್ತಿಗೆ ಸರಿಯಾಗಿ ಬಂತು. ಹಂಪು ಹತ್ತಿ ಇಳಿಯಿತು. ಬಲಗಡೆ ಕಿಟಕಿಯಲ್ಲಿ ಕನಕಮ್ಮನ ತಲೆ ಹೊರಗೇ ಇತ್ತು. ಮುನಿರತ್ನಮ್ಮ ಗೋಡೆಯ ಕಡೆಗೆ ತಿರುಗಿ ನಿಂತಳು. ಬಸ್ಸು ಇಪ್ಪತ್ತು ಮಾರು ದಾಟಿ ನಿಂತಿತು. "ಒಂದ್ನಿಮಿಸ ಇರಪ್ಪ, ಬಂದೆ" ಎಂದು ಕಂಡಕ್ಟರಿಗೆ ಹೇಳುತ್ತಲೇ ಕನಕಮ್ಮ ಎರಡು ಕೈಚೀಲ ಹಿಡಿದು ಇಳಿದು ಬಂದಳು.

ಹಸುವಿನ ಮುಂದೆ ನಿಂತು ಅವಳು ಅದರ ಮೂತಿಯ ಹತ್ತಿರಕ್ಕೆ ಮುಖ ತಂದಳು.

"ಇದು ನಿಮ್ಮನೆ ಹಸ ರಾಜಿ ಅಲ್ವಾ ಅತ್ತಿಗೆ? ಅಣೆ ಮ್ಯಾಲಿನ ಮಚ್ಚೆ ಅಂಗೇ ಐತೆ."

"ಊಂ."

"ಕತ್ತಿನ ಕೆಳಗಿನ ಈ ಗಂಗೆದೊಗಲು? ಇಷ್ಟು ಡೊಂಕಿಗೆ ಗಾಜು ಕೊಯ್ದಿದ್ದು ಯಾರು?"

"ನಾನೇ. ಮೂರು ಸಲ ಒಡೀತು. ನಾಕನೇದು ನಿಂತ್ಕೊಂತು."

ಕನಕಮ್ಮನ ಬಾಯಿ ಒಂದು ಕುಹಕಕ್ಕಾಗಿ ಹುಡುಕಾಡಿತು. ಸಿಗಲಿಲ್ಲ. ಕಣ್ಣು ಕತ್ತಿನಿಂದ ಬೆನ್ನಿಗೆ, ಬೆನ್ನಿನಿಂದ ಹೊಟ್ಟೆಗೆ ಸರಿದು ಅಲ್ಲಿಯೇ ತಡೆದು ನಿಂತಿತು.

"ಹಿಂದ್ಗಡೆ ಯಾಕ್ ಇಂಗೇ ಬಿಟ್ಟಿದ್ದೀಯ?"

"ಹುಣಸೆಹಣ್ಣು ಮುಗುದೋಯ್ತು," ಎಂದಳು ಮುನಿರತ್ನಮ್ಮ, ಗೋಡೆಗೆ ಹೇಳುವಂತೆ.

ಕನಕಮ್ಮ ಕೈಚೀಲ ಕೆಳಗಿಟ್ಟು, ಅಕ್ಕಿಬೇಳೆಯ ಅಡಿಯಿಂದ ಅರ್ಧ ಕೆಜಿ ಹುಣಸೆಹಣ್ಣಿನ ಪೊಟ್ಟಣ ಎಳೆದು ಹಲ್ಲಿನಿಂದ ಹರಿದಳು. "ಅಮ್ಮಾ, ಅದು ಕಿಲುಬಲ್ಲ..." ಎಂದು ಅಂಬಿಕ ಮುಂದೆ ಬಂದಳು. ಇಬ್ಬರು ಹೆಂಗಸರೂ ಒಟ್ಟಿಗೇ ತಿರುಗಿ ನೋಡಿದ ರೀತಿಗೆ ಅಲ್ಲೇ ನಿಂತು, ಖಾಲಿ ಬಾಟಲಿಯನ್ನು ಕಾಲಿನಿಂದ ಬೆಂಚಿನ ಕೆಳಕ್ಕೆ ತಳ್ಳಿದಳು. ಅತ್ತ ಬಸ್ಸು ಎರಡು ಸಲ ಹಾರನ್ ಹೊಡೆದು ಹೊರಟೇ ಹೋಯಿತು.

"ಲೇ ಕನಕ, ಬಸ್ಸು ಓಯ್ತಲ್ಲೇ! ಇನ್ನು ಆರು ಗಂಟೇಗೇ."

"ಓಗ್ಲಿ ಬಿಡು." ಕನಕಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ಅರ್ಧ ಉಜ್ಜಿರೋದನ್ನ ನೋಡ್ಕೊಂಡು ಯಾವಳಿಗಾನಾ ಮುಂದಕ್ಕೆ ಓಗೋಕಾಯ್ತದಾ? ಬಾಲ ಇತ್ಲಾಗಿ ತಿರುಗ್ಸು."