ತಡೆಯುವ ಮದ್ದು

"ಅತ್ತಿಗೆ, ಅದನ್ನ ಕೊಡಿ!" ನರ್ಸ್ ಕೆಲಸದ ನಾದಿನಿ ಕಿರುಚಿದಳು. ಅತ್ತಿಗೆ ಮೂಗಿಗೆ ಹಾಕುವ ಔಷಧಿಯ ಪುಟ್ಟ ಸ್ಪ್ರೇಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಗೋಡೆಗೆ ಅಂಟಿ ನಿಂತಿದ್ದಳು. ಇಬ್ಬರ ನಡುವೆ ಅತ್ತಿಗೆಯ ಗಂಡ, ಗಡಿಯಾರ ರಿಪೇರಿಯವನು, ಮೂರ್ಛೆರೋಗ ಬಂದು ನೆಲದ ಮೇಲೆ ಕೈಕಾಲು ಬಡಿಯುತ್ತಿದ್ದ. ಇಷ್ಟು ಹೊತ್ತು ಅವನಿಗೆ ಎಂದೂ ಹೀಗಾಗಿರಲಿಲ್ಲ.

"ಹೋದ ಸಲ ನಿಮ್ಮ ಆಸ್ಪತ್ರೆಯವರು ಇದನ್ನೇ ಜಾಸ್ತಿ ಕೊಟ್ಟು ಇವರ ಉಸಿರು ನಿಲ್ಲೋ ಹಾಗೆ ಮಾಡಿದ್ರು. ಗಂಡ ನನ್ನವನು, ನಿನ್ನ ಗಂಟೇನು ಹೋಗುತ್ತೆ?"

"ಅಣ್ಣ ನನ್ನವನು! ಮಿದುಳಲ್ಲಿ ಕೆರಳಿಸೋ ರಾಸಾಯನಿಕ ಒಂದು, ತಡೆಯೋದು ಇನ್ನೊಂದು. ಈಗ ಕೆರಳಿಸೋದು ಹುಚ್ಚೆದ್ದು ಕುಣೀತಿದೆ, ತಡೆಯೋದು ಸೋತು ಕೂತಿದೆ. ಈ ಮದ್ದು ಅದಕ್ಕೆ ಬಲ ಕೊಡುತ್ತೆ. ದಿನದ ಮಾತ್ರೆ ಇದ್ದದ್ದೂ ಅದಕ್ಕೇ. ನೀವು ಅದನ್ನ ಅರ್ಧ ಮಾಡಿದ್ರಿ, ಅಲ್ವಾ?"

ಪೂರ್ತಿ ಮಾತ್ರೆ ನುಂಗಿದ ಗಂಡ ಅಂಗಡಿಯಲ್ಲಿ ತೂಕಡಿಸುವುದನ್ನೂ ಗಿರಾಕಿಗಳು ನಗುವುದನ್ನೂ ನೋಡಲಾರದೆ ಅದನ್ನು ಮುರಿದು ಕೊಟ್ಟವಳು ಅತ್ತಿಗೆಯೇ. ಅವನ ತುಟಿ ನೀಲಿಗಟ್ಟತೊಡಗಿತು. ಅವಳು ನಾದಿನಿಯನ್ನು ಮೊಣಕೈಯಿಂದ ತಳ್ಳಿ, ತಾನೇ ಮಂಡಿಯೂರಿ ಸ್ಪ್ರೇಯನ್ನು ಅವನ ಮೂಗಿನೊಳಗೆ ಒತ್ತಿದಳು.

ಬಡಿತ ನಿಧಾನವಾಗಿ ಇಳಿಯಿತು. ಇಬ್ಬರೂ ಅವನ ಎದೆಯನ್ನೇ ದಿಟ್ಟಿಸಿದರು. ಅದು ಏರಿತು, ಇಳಿಯಿತು, ತುಸು ತಡೆದು ಮತ್ತೆ ಏರಿತು. ಹೊರಗೆ ನಾದಿನಿ ಆಗಲೇ ಕರೆಸಿದ್ದ ಆಂಬುಲೆನ್ಸ್ ಬಂದು ನಿಂತ ಸದ್ದಾಯಿತು.

"ಮಾತ್ರೆ ವಿಷಯ ಡಾಕ್ಟರಿಗೆ ನೀವು ಹೇಳ್ತೀರೋ, ನಾನು ಹೇಳಲೋ?" ನಾದಿನಿ ಕೇಳಿದಳು.

"ನಾನೇ ಹೇಳ್ತೀನಿ," ಗಂಡನನ್ನು ಮಗ್ಗುಲಿಗೆ ಹೊರಳಿಸುತ್ತ ಅತ್ತಿಗೆ ಅಂದಳು. "ಆದ್ರೆ ಆಗ ನೀನು ನನ್ನ ಕಣ್ಣೆದುರು ಇರಬಾರದು."