ವಾಲುಮನೆಯ ಮೇಸ್ತ್ರಿ

“ಈ ಮನೆ ಕಟ್ಟುವಾಗ ನೀವು ಕುಡಿದಿದ್ರಂತೆ, ಹೌದಾ ತಾತಾ?” ಪತ್ರಿಕೆಯವಳು ನಗುನಗುತ್ತಲೇ ಕೇಳಿದಳು. ಕೇಳಿದ್ದರಲ್ಲಿ ಕೆಟ್ಟ ಮನಸ್ಸೇನೂ ಇರಲಿಲ್ಲ. ರಸ್ತೆಬದಿಯಲ್ಲಿದ್ದೂ ಹೆಚ್ಚು ಜನರಿಗೆ ಗೊತ್ತಿಲ್ಲದ ಚಿತ್ರವಿಚಿತ್ರ ಜಾಗಗಳ ಬಗ್ಗೆ ಅವಳು ಬರೆಯುತ್ತಿದ್ದಳು, ಈ ವಾರ ವಾಲುಮನೆಯ ಸರದಿ. ಮನೆ ಅವಳ ಬೆನ್ನ ಹಿಂದೆಯೇ ಒಂದು ಮೂಲೆಗೆ ಕುಸಿದು, ಇನ್ನೇನು ಬಿದ್ದೇಬಿಟ್ಟಿತು ಎನ್ನುವ ಹಾಗೆ ನಿಂತಿತ್ತು. ಹಾಗೆ ನಿಂತು ಎಷ್ಟೋ ವರ್ಷಗಳಾಗಿದ್ದವು. ಬಾಗಿಲಲ್ಲಿ ಗೋಲಿ ಬಿಟ್ಟರೆ ಅದು ತಾನಾಗಿಯೇ ಒಳಕೋಣೆಯ ಮೂಲೆಗೆ ಓಡುತ್ತಿತ್ತು. ಅದನ್ನು ನೋಡಲೆಂದೇ ಜನ ಕಾರು ನಿಲ್ಲಿಸುತ್ತಿದ್ದರು.

“ನಾನು ಕುಡಿಯೋನೇ ಅಲ್ಲಮ್ಮಾ,” ಎಂದ ಮೇಸ್ತ್ರಿ. “ಈ ಮನೆ ವಾಲಿದ್ದು ಯಾಕೇಂದ್ರೆ...”

“ಕುಡಿದೋರು ಯಾರಾದ್ರೂ ಕುಡಿದಿದ್ದೀನಿ ಅಂತಾರಾ ಮೇಡಂ?” ಪಕ್ಕದಲ್ಲೇ ನಿಂತಿದ್ದ ಅವನ ಮಗ ನಡುವೆ ಬಾಯಿ ಹಾಕಿದ. ಅವಳು ಮತ್ತಷ್ಟು ನಕ್ಕಳು. ಮಗ ಈಗ ದೊಡ್ಡ ಕಂಟ್ರಾಕ್ಟರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಎರಡು ಫೋನು. ನಗಿಸುವುದು ಅವನಿಗೆ ನೀರು ಕುಡಿದಷ್ಟು ಸುಲಭ.

ಮೇಸ್ತ್ರಿ ಪಟ್ಟು ಬಿಡಲಿಲ್ಲ. ರಸ್ತೆಯಾಚೆಗೆ ಕೈ ತೋರಿಸಿದ. “ಅಲ್ಲಿ ಶಾಲೆ ಕಾಣ್ತಿದೆಯಲ್ಲ, ಅದನ್ನ ಕಟ್ಟಿದ್ದೂ ನಾನೇ. ದಾರಕ್ಕೆ ತೂಗುಗುಂಡು ಕಟ್ಟಿ ಇಳಿಬಿಟ್ಟು ನೋಡಿ, ಗೋಡೆ ಕೂದಲೆಳೆಯಷ್ಟೂ ಆಚೀಚೆ ಇಲ್ಲ.” ಅವಳು ತಿರುಗಿ ನೋಡಿದಳು. “ಹೌದು, ನೆಟ್ಟಗಿದೆ,” ಎಂದಳು, ಏನನ್ನೂ ಬರೆದುಕೊಳ್ಳಲಿಲ್ಲ. ಆಮೇಲೆ ಗೋಲಿ ಹಿಡಿದುಕೊಂಡು ಖುಷಿಯಿಂದ ವಾಲುಮನೆಯ ಒಳಗೆ ಹೋದಳು.

ಅವಳು ಮರೆಯಾದದ್ದೇ ತಡ, ಮಗನ ಮುಖದ ನಗು ಇಳಿಯಿತು. “ಏನಪ್ಪಾ ಹೇಳೋಕೆ ಹೊರಟಿದ್ದೆ?”

“ಇದ್ದದ್ದು.”

ಇದ್ದದ್ದು ಇಷ್ಟೇ. ಆ ಮೂಲೆಯಲ್ಲಿ ಹಿಂದೆ ಒಂದು ಹಳೇ ಗುಂಡಿಯಿತ್ತು. ಮೇಸ್ತ್ರಿ ಜ್ವರ ಬಂದು ಮಲಗಿದ್ದಾಗ ಅದನ್ನು ತುಂಬಿಸುವ ಕೆಲಸ ಮಗನ ಪಾಲಿಗೆ ಬಂತು. “ನೀರು ಬಿಟ್ಟು, ಮಣ್ಣು ಗಟ್ಟಿಯಾಗೋ ಹಾಗೆ ಬಡಿದು ದಮ್ಮಸು ಹಾಕಿದೆಯೇನೋ?” ಎಂದು ಹಾಸಿಗೆಯಿಂದಲೇ ಕೇಳಿದ್ದಕ್ಕೆ, “ಹಾಕಿದೆ ಅಪ್ಪಾ, ಕಲ್ಲಿನಂಗಿದೆ,” ಎಂದಿದ್ದ. ಹಾಕಿರಲಿಲ್ಲ. ಗುಂಡಿಗೆ ಒಡೆದ ಇಟ್ಟಿಗೆ ಸುರಿದು, ಮೇಲೆ ಮಣ್ಣು ಎಳೆದು, ಗೆಳೆಯರ ಜೊತೆ ತಿರುಗಾಡಲು ಹೋಗಿದ್ದ. ಹೆತ್ತ ಮಗನ ಮಾತೆಂದು ಮೇಸ್ತ್ರಿ ಕೆದಕಿ ನೋಡದೆ ಅದರ ಮೇಲೇ ಅಡಿಪಾಯ ಹಾಕಿದ. ಮನೆ ವಾಲಿದಾಗ ಊರಿಗೆ ಊರೇ ಬಂದು ಕೇಳಿತು. ಮಗ ಆಗಷ್ಟೇ ಕಸುಬಿಗೆ ಕಾಲಿಟ್ಟಿದ್ದ. “ತಪ್ಪು ನಂದೇ,” ಎಂದು ಮೇಸ್ತ್ರಿ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡ. ಆಮೇಲೆ ಅವನನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ. ಕುಡಿತದ ಕಥೆಯನ್ನು ಸೇರಿಸಿದವನು ಮಾತ್ರ ಮಗ.

“ತಪ್ಪು ನಂದು ಅಂದೆ, ನಿಜ,” ಎಂದ ಮೇಸ್ತ್ರಿ. “ಕುಡುಕ ಅಂತ ಯಾವತ್ತು ಒಪ್ಪಿದ್ದೆನೋ? ನಿಮ್ಮಮ್ಮ ಸಾಯೋವರೆಗೂ ನಾಲ್ಕು ಜನರ ಮುಂದೆ ತಲೆ ಎತ್ತಲಿಲ್ಲ.”

“ಬರೀ ವಾಲಿರೋ ಮನೆ ಯಾರು ನೋಡ್ತಾರಪ್ಪಾ? ಕುಡುಕ ಕಟ್ಟಿದ್ದು ಅಂದ್ರೆ ನಾಲ್ಕು ಗಾಡಿ ನಿಲ್ತವೆ.” ಮಗ ದನಿ ತಗ್ಗಿಸಿದ. “ಆಸ್ಪತ್ರೆ ಕಟ್ಟಡದ ಕೆಲಸ ಇನ್ನೇನು ನನ್ನ ಕೈಗೆ ಬರೋದ್ರಲ್ಲಿದೆ. ಈಗ ನೀನು ಬಾಯಿ ಬಿಟ್ಟರೆ ನಾಯಿಗೂಡು ಕಟ್ಟೋಕೂ ಯಾರೂ ನನ್ನ ಕರೆಯಲ್ಲ. ನಿಂದೇನು, ಕರಣೆ ಕೆಳಗಿಟ್ಟಾಯ್ತು. ನಿನ್ನ ಹೆಸರು ಕೆಟ್ಟರೆ ಈಗ ಯಾರಿಗೇನು ನಷ್ಟ?”

ಮೇಸ್ತ್ರಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಅವನು ಮಗನನ್ನು ಒಂದೇ ಮಾತು ಕೇಳಿದ. “ಆಸ್ಪತ್ರೆಗಾದ್ರೂ ದಮ್ಮಸು ಹಾಕಿಸ್ತೀಯೇನೋ?”

ಯಾವ ಫೋನೂ ಹೊಡೆದುಕೊಂಡಿರಲಿಲ್ಲ. ಆದರೂ ಮಗ ಒಂದನ್ನು ಕಿವಿಗೆ ಹಿಡಿದುಕೊಂಡು ಆಚೆ ಸರಿದ.

ಪತ್ರಿಕೆಯವಳು ಹೊರಗೆ ಬಂದಳು. “ಗೋಲಿ ನಿಜವಾಗ್ಲೂ ಓಡುತ್ತೆ ಕಣ್ರೀ! ತಾತಾ, ಮನೆ ಮುಂದೆ ನಿಮ್ಮದೊಂದು ಫೋಟೋ. ಕೈಯಲ್ಲೊಂದು ಬಾಟಲಿ ಇದ್ರೆ ಚೆನ್ನಾಗಿರುತ್ತೆ, ಸುಮ್ನೆ ತಮಾಷೆಗೆ. ಆದ್ರೆ ಇಲ್ಲಿ ಬಾಟಲಿ ಎಲ್ಲಿ ಸಿಗುತ್ತೆ?”

ಹುಡುಕಬೇಕಾಗಿ ಬರಲಿಲ್ಲ. ಮಗನ ಕಾರಿನ ಸೀಟಿನ ಕೆಳಗೇ ಒಂದಿತ್ತು, ಅರ್ಧ ಖಾಲಿಯಾದದ್ದು. ಅವನು ಅದನ್ನು ತಂದು ಅಪ್ಪನ ಕೈಗಿಟ್ಟ. ಇಡುವಾಗ ಕಣ್ಣಿಗೆ ಕಣ್ಣು ಕೊಟ್ಟು ನೋಡಲಿಲ್ಲ. ಬಾಟಲಿಯನ್ನು ಎತ್ತಿ ನೆಲಕ್ಕೆ ಅಪ್ಪಳಿಸಬೇಕೆನ್ನಿಸಿತು ಮೇಸ್ತ್ರಿಗೆ. ಅಂದು ಹೇಳದವನು ಇಂದು ಹೇಳಿದರೆ ಯಾರು ನಂಬುತ್ತಾರೆ? ನಂಬಿದರೂ ಹಾಳಾಗುವವನು ತನ್ನ ಮಗನೇ. ಬಾಟಲಿ ಹಿಡಿದುಕೊಂಡೇ ಮನೆಯ ಮುಂದೆ ಹೋಗಿ ನಿಂತ.

“ಅಯ್ಯೋ, ಸೈನಿಕರ ಥರ ನಿಂತಿದ್ದೀರಲ್ಲ!” ಎಂದಳು ಅವಳು. “ಮನೆ ವಾಲಿದ ಕಡೆಗೇ ನೀವೂ ಸ್ವಲ್ಪ ವಾಲಿ ನಿಂತ್ಕೊಳ್ಳಿ.”

ಮೇಸ್ತ್ರಿ ವಾಲಿದ. ಸೊಂಟ ಹಿಡಿದುಕೊಂಡಿತು. “ಸಾಕೇನೋ?” ಎಂದು ಕೇಳಿದ, ಅವಳನ್ನಲ್ಲ, ಮಗನನ್ನು.

ಚಿಕ್ಕಂದಿನಲ್ಲಿ ಗೋಡೆಯ ನೇರ ನೋಡುವುದನ್ನು ಅಪ್ಪ ಕಲಿಸಿದ್ದ ಹಾಗೆಯೇ ಮಗ ಒಂದು ಕಣ್ಣು ಮುಚ್ಚಿ, ಅಪ್ಪನನ್ನೂ ಮನೆಯನ್ನೂ ಅಳತೆ ಹಾಕಿ ನೋಡಿದ.

“ಇನ್ನೊಂಚೂರು, ಅಪ್ಪಾ.”